ಸಭೆಗೆ ದಾವಣಗೆರೆ, ತವರಿಗೆ ಸಾರಥಿ

ಬೀರೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದಾಗ ನನ್ನ ಚೀಲದಲ್ಲಿ ಎರಡು ಸೀರೆ, ಅತ್ತಿಗೆಗೆಂದು ಕೊಬ್ಬರಿ ಮಿಠಾಯಿಯ ಡಬ್ಬಿ ಮತ್ತು ಪಕ್ಷದ ಪ್ರತಿನಿಧಿ ಚೀಟಿ ಇದ್ದವು. ಮೂರನೇ ದರ್ಜೆಯ ಟಿಕೆಟ್ಟಿಗೆ ಎರಡು ರೂಪಾಯಿ ಚಿಲ್ಲರೆ. ಹೆಂಗಸೊಬ್ಬಳಾದರೂ ಇರಲಿ ಎಂದು ಊರಿನ ಶಾಖೆಯವರು ನನ್ನ ಹೆಸರು ಬರೆದಿದ್ದರು. ನಾನು ಒಪ್ಪಿದ್ದು ದೇಶಸೇವೆಗೇನಲ್ಲ. ದಾವಣಗೆರೆಯಲ್ಲಿ ಸಭೆ ಮುಗಿಸಿ, ಹರಿಹರದ ಆಚೆ ಸಾರಥಿಯಲ್ಲಿರುವ ತವರಿನಲ್ಲಿ ಎರಡು ದಿನ ಇದ್ದು ಬರಬಹುದೆಂಬ ಆಸೆಗೆ. ಅಣ್ಣ ಬಸವನಗೌಡನೂ ಅದೇ ಪಕ್ಷದಲ್ಲಿ ದೊಡ್ಡ ಕುಳ.

ದೀಪಾವಳಿ ಕಳೆದು ಬಿಸಿಲು ಹಿತವಾಗಿತ್ತು. ಕಿಟಕಿಯಾಚೆ ಜೋಳ ಆಳೆತ್ತರ ನಿಂತಿತ್ತು. ಕಣ್ಣಿಗೆ ಇಂಜಿನ್ನಿನ ಮಸಿ ಬಿದ್ದರೂ ನಾನು ಕಿಟಕಿ ಬಿಡಲಿಲ್ಲ.

ಸಭೆ ನಡೆದದ್ದು ಹತ್ತಿ ಗೋದಾಮಿನಲ್ಲಿ. ಬೆಳಗಿನ ಹೊತ್ತು ಎಲ್ಲರೂ ಒಂದೇ ಬಾಯಿ. ಸರ್ಕಾರದ ಕಂಟ್ರೋಲು ಬೇಡ, ಪರ್ಮಿಟ್ಟು ಬೇಡ, ಸಹಕಾರಿ ಬೇಸಾಯ ಬೇಡ. ಒಗ್ಗಟ್ಟಿಗೆ ಹರಿಹರೇಶ್ವರನ ಹೋಲಿಕೆಯನ್ನು ನಾಲ್ಕು ಜನ ಕೊಟ್ಟರು. ನಾಲ್ಕನೆಯವರಿಗೆ ಚಪ್ಪಾಳೆ ಬೀಳಲಿಲ್ಲ. ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಿಂದು ಕೂತ ಮೇಲೆ ಪಕ್ಷ ಎರಡಾಯಿತು.

ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಕೊಡುವ ಕಾನೂನನ್ನು ರದ್ದು ಮಾಡಬೇಕೆಂಬ ಗೊತ್ತುವಳಿಯನ್ನು ನಮ್ಮಣ್ಣನೇ ಮಂಡಿಸಿದ. "ಹೊಲ ಮನೆತನದ್ದು. ಹೆಣ್ಮಕ್ಕಳು ಪಾಲು ಕೇಳಿದ್ರೆ ಹೊಲನೂ ಉಳಿಯಲ್ಲ, ತವರೂ ಉಳಿಯಲ್ಲ" ಎಂದ.

ಹತ್ತಿ ವ್ಯಾಪಾರದ ಹಿರಿಯರೊಬ್ಬರು ಎದ್ದರು. "ಆಸ್ತಿ ವ್ಯಕ್ತಿದು, ಸರ್ಕಾರ ಮುಟ್ಟಬಾರದು ಅಂತ ಬೆಳಿಗ್ಗೆ ಅಂದ್ವಿ. ಈಗ ಮಗಳು ಮುಟ್ಟಬಾರದು ಅಂತೀವಿ. ಮಗಳು ವ್ಯಕ್ತಿ ಅಲ್ಲೇನ್ರಿ?"

ಗಲಾಟೆಯೋ ಗಲಾಟೆ. ಧರ್ಮ ಮೊದಲೋ ಹಕ್ಕು ಮೊದಲೋ ಎಂದು ಒಂದು ಗಂಟೆ ಕೂಗಾಡಿದರು. ಕೊನೆಗೆ ಅಧ್ಯಕ್ಷರು, ಗೊತ್ತುವಳಿಯ ಪರ ಇರುವವರು ಎಡಗಡೆ ಜಮಖಾನದ ಮೇಲೆ, ವಿರೋಧ ಇರುವವರು ಬಲಗಡೆ ಕೂರಲಿ ಎಂದರು. ಅಣ್ಣ ನನ್ನ ಕಡೆ ನೋಡಿ, ತನ್ನ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದ.

ನನಗೆ ಹೊಲ ಬೇಕಿರಲಿಲ್ಲ. ಪಾಲಿನ ಮಾತೆತ್ತಿದವರಿಗೆ ತವರಿನ ಬಾಗಿಲು ಮುಚ್ಚಿದ್ದನ್ನು ಕಣ್ಣಾರೆ ಕಂಡಿದ್ದೆ, ಆ ಭಯ ನನಗೂ ಇತ್ತು. ಆದರೆ ಆ ಹಿರಿಯರ ಪ್ರಶ್ನೆಗೆ, ಹೌದು, ಮಗಳು ವ್ಯಕ್ತಿ ಅಲ್ಲ ಎಂದು ನಾನೇ ಎಡಗಡೆ ಕೂತು ಉತ್ತರ ಕೊಡುವುದು ಆಗಲಿಲ್ಲ. ಸೆರಗು ಹೊದ್ದು ಬಲಗಡೆ ಹೋಗಿ ಕೂತೆ. ಆ ಕಡೆ ನಾವು ಒಂಬತ್ತೇ ಜನ. ಗೊತ್ತುವಳಿ ಗೆದ್ದಿತು. ಗೆದ್ದ ಅಣ್ಣ ನನ್ನನ್ನು ಬಿಟ್ಟು ಹೊರಟುಹೋದ.

ಬೀರೂರಿಗೆ ವಾಪಸು ಹೋಗಲು ರೈಲು ಇತ್ತು. ಸ್ಟೇಷನ್ನಿನ ಕಡೆ ನಾಲ್ಕು ಹೆಜ್ಜೆ ಹಾಕಿಯೂ ಹಾಕಿದೆ. ನಾನು ಹುಟ್ಟಿದ ಮನೆಗೆ ಹೋಗಲು ಗೊತ್ತುವಳಿ ಬೇಕೇ ಎಂದು ಸಿಟ್ಟು ಬಂತು. ತಿರುಗಿ ಬಂದು ಹರಿಹರದ ಬಸ್ಸು ಹತ್ತಿದೆ. ಒಂಬತ್ತು ಮೈಲಿ, ನಲವತ್ತು ನಯಾ ಪೈಸೆ. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ ಮಾತು ಜೋಡಿಸುತ್ತ ಕೂತೆ.

ಹರಿಹರದ ಬಸ್ ನಿಲ್ದಾಣದಲ್ಲಿ ಅಣ್ಣ ಗಾಡಿ ಕಟ್ಟಿಕೊಂಡು ನಿಂತಿದ್ದ.

"ಎರಡು ಬಸ್ ನೋಡಿದೆ. ಎಲ್ಲಿ ಹೋಗಿದ್ದಿ ಗೌರಿ?"

"ನೀನೇ ಬಿಟ್ಟು ಬಂದೆಲ್ಲಣ್ಣ."

"ಸಿಟ್ಟು ಬಂದಿತ್ತು. ಇಲ್ಲಿಗೆ ಬರೋದ್ರಾಗೆ ಅರ್ಧ ಇಳೀತು."

"ಇನ್ನರ್ಧ?"

"ದಾರ್ಯಾಗೆ ಬೈತೀನಿ. ಹತ್ತು."

ಸಾರಥಿ ಮುಟ್ಟುವವರೆಗೂ ಬೈದ. ನಾನೂ ಬಿಡಲಿಲ್ಲ. ಅಷ್ಟು ಸಂತೋಷದಿಂದ ನಾನು ಯಾರೊಂದಿಗೂ ಜಗಳವಾಡಿಲ್ಲ.

ಊಟಕ್ಕೆ ಅತ್ತಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ಸಭೆಯ ಸುದ್ದಿ ಕೇಳಿದರು. ಹೇಳಿದೆ. ಅವರು ರೊಟ್ಟಿ ಬುಟ್ಟಿ ಕೆಳಗಿಟ್ಟು, "ನಾನಿದ್ದಿದ್ರೆ ಗೌರಮ್ಮನ ಕಡೀಗೇ ಕೂಡ್ತಿದ್ದೆ. ಆವರಗೆರ್‍ಯಾಗೆ ನಮ್ಮಪ್ಪನ ನಾಕೆಕರೆ ಐತೆ. ನನ್ನ ತಮ್ಮಂದಿರು ಹಂಚ್ಕೊಳ್ಳೋ ಮುಂಚೆ ನನ್ನ ಒಂದು ಮಾತು ಕೇಳಬ್ಯಾಡೇನು?" ಎಂದರು.

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ನಿನಗೂ ಪಾಲು ಬೇಕೇನೇ?"

"ಬೇಕೋ ಬ್ಯಾಡೋ ಆಮೇಲಿನ ಮಾತು. ಬ್ಯಾಡ ಅನ್ನೋಕಾದ್ರೂ ಅವರು ಕೇಳಬೇಕಲ್ರಿ."

ಅಣ್ಣ ತಟ್ಟೆ ಮುಂದೆ ಸರಿಸಿ ಇನ್ನೊಂದು ರೊಟ್ಟಿ ಕೇಳಿದ. ಅತ್ತಿಗೆ ಹಾಕಿದರು, ಸ್ವಲ್ಪ ತಡಮಾಡಿ. ನನಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು.

ಎರಡು ದಿನ ಎರಡು ಗಳಿಗೆಯಂತೆ ಕಳೆದವು. ಹೊರಡುವಾಗ ಅತ್ತಿಗೆ ಅಕ್ಕಿ, ಕಾಯಿ, ಕುಪ್ಪಸದ ಕಣ ಇಟ್ಟು ಉಡಿ ತುಂಬಿದರು. ಹರಿಹರದ ಸ್ಟೇಷನ್ನಿನಲ್ಲಿ ಅಣ್ಣ ನನ್ನನ್ನು ಹೆಂಗಸರ ಡಬ್ಬಿ ಹತ್ತಿಸಿ, ಕಿಟಕಿ ಸರಳು ಹಿಡಿದು ನಿಂತ.

"ಮುಂದಿನ ಸಭ್ಯಾಗೂ ನೀ ಆ ಕಡೀಗೇ ಕೂಡ್ತೀಯೇನು?"

"ಆ ಕಡೀಗೇ ಅಣ್ಣ."

ಗಾಡಿ ಕೂಗಿತು. ಅವನು ಸರಳು ಬಿಟ್ಟು ಎರಡು ಹೆಜ್ಜೆ ಜೊತೆಗೆ ನಡೆದ.

"ಕೂಡು. ಪಕ್ಕದಾಗೆ ನಿಮ್ಮತ್ತಿಗೆಗೂ ಒಂದಿಷ್ಟು ಜಾಗ ಹಿಡಿ. ಇಲ್ಲಾಂದ್ರೆ ನಂಗೆ ಮನ್ಯಾಗೆ ರೊಟ್ಟಿ ಇಲ್ಲ."