ಬಂಡೆಮ್ಮ ಉಣ್ಣಿಸಿ ಹೇಳುವ ಮಾತು

ಬಂಡೆಮ್ಮ ಯಾರನ್ನಾದರೂ ಊಟಕ್ಕೆ ಕರೆದಳೆಂದರೆ ನಮ್ಮ ಪಟಾನ್‌ಚೆರು ಗಲ್ಲಿಯಲ್ಲಿ ಅವರ ಎದೆ ಧಸಕ್ಕೆನ್ನುತ್ತದೆ. ಬೀದರ್ ಕಡೆಯವಳು, ಔಷಧಿ ಕಾರ್ಖಾನೆಯಲ್ಲಿ ಕಸ ಗುಡಿಸುವವಳು, ನಮ್ಮ ಕನ್ನಡ ಕ್ರೈಸ್ತ ಸಭೆಗೆ ಹಿರಿಯಳು. ಯಾರ ತಪ್ಪನ್ನೂ ಬೆನ್ನ ಹಿಂದೆ ಆಡುವವಳಲ್ಲ. ಮನೆಗೆ ಕರೆದು, ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿ, ಹೊಟ್ಟೆ ತುಂಬಿದ ಮೇಲೆ ಮುಖ ನೋಡಿ ಹೇಳುತ್ತಾಳೆ.

ನನಗೂ ಒಂದು ಸಲ ಆ ರೊಟ್ಟಿ ಸಿಕ್ಕಿತು. ಸಭೆಯಲ್ಲಿ ಗೀತೆ ಹಾಡುವವರಲ್ಲಿ ನಾನೇ ಮುಂದೆ, ನನ್ನ ದನಿಯೆಂದರೆ ನನಗೆ ಜಂಬ.

"ಶೋಭಾ, ನೀ ಹಾಡಾಕತ್ತಿದ್ರ ಬಾಕಿಯವರ ದನೀನ ಕೇಳಂಗಿಲ್ಲ. ಅವರೂ ದೇವರಿಗೇ ಹಾಡಾಕತ್ತಾರವ್ವ," ಅಂದಳು.

ಮೈಯೆಲ್ಲ ಉರಿಯಿತು! "ಇದನ್ನ ಹೇಳಾಕಾ ಉಣ್ಣಾಕ ಕರದದ್ದು, ಅಕ್ಕಾ?"

"ಹೌದು ಮತ್ತ. ಯೇಸಪ್ಪ ಯಾರನ್ನೂ ಹಸದ ಹೊಟ್ಟೀಲೆ ಕಳಿಸಲಿಲ್ಲ, ನಾ ಹೆಂಗ ಕಳಿಸಲಿ? ಖರೇ ಮಾತು ಖಾಲಿ ಹೊಟ್ಟಿಗೆ ಉರೀತೈತಿ," ಅಂದು ಇನ್ನೊಂದು ರೊಟ್ಟಿ ಹಾಕಿದಳು. ಸಿಟ್ಟಿನಲ್ಲೇ ತಿಂದೆ. ರೊಟ್ಟಿ ಮಾತ್ರ ಬಲು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ನಮ್ಮ ಗಲ್ಲಿಯಲ್ಲಿ ಗೋಡೆ ಕಟ್ಟುವ ಗೌಂಡಿ ಚಂದ್ರಾಮ ತೀರಿಕೊಂಡ. ಮಹಾ ಕುಡುಕ. ಮಗಳು ಭಾಗ್ಯಶ್ರೀ ನರ್ಸಿಂಗ್ ಕಲಿಯುತ್ತಿದ್ದಾಗ, ಹುಡುಗಿಯರೆಲ್ಲ ದೀಪ ಹಚ್ಚಿ ಪ್ರಮಾಣ ಮಾಡುವ ದಿನ, ಕುಡಿದು ಹೋಗಿ ಎಲ್ಲರೆದುರು ರಂಪ ಮಾಡಿ ಅವಳ ಮಾನ ತೆಗೆದಿದ್ದ. ಅಂದಿನಿಂದ ಅವಳು ದೂರದ ತಾರ್ನಾಕದ ಹಾಸ್ಟೆಲಿನಲ್ಲೇ ಉಳಿದಳು. ಹಬ್ಬಕ್ಕೆ ಮನೆಗೆ ಬಂದರೂ ಅವನನ್ನು ಅಪ್ಪ ಎಂದು ಕರೆಯಲಿಲ್ಲ.

ಮಣ್ಣಿಗೆ ಒಯ್ಯುವ ಮುಂಚೆ ಸತ್ತವರ ಬಗ್ಗೆ ಒಬ್ಬರು ಸಾಕ್ಷಿ ಹೇಳುವುದು ನಮ್ಮ ಸಭೆಯ ಪದ್ಧತಿ. ಯಾರೇ ಸತ್ತರೂ ಸಭೆಯ ಇನ್ನೊಬ್ಬ ಹಿರಿಯ ಸೋಮಣ್ಣನವರೇ ಎದ್ದು, "ಇಂಥಾ ದೇವಭಕ್ತ ಇನ್ನ ಹುಟ್ಟಂಗಿಲ್ಲ," ಅನ್ನುತ್ತಾರೆ. ಅಂದೂ ಎದ್ದು ಗಂಟಲು ಸರಿಮಾಡಿಕೊಂಡರು.

"ಬ್ಯಾಡ್ರಿ," ಅಂದಳು ಭಾಗ್ಯಶ್ರೀ. "ಈ ಮನಷಾ ಸಂತ ಅಂತ ಸುಳ್ಳು ಹೇಳಿದ್ರ ನಾ ಮಣ್ಣಿಗೆ ಬರಂಗಿಲ್ಲ."

ತಾಯಿ ಗಂಗಾ ಸೆರಗು ಬಾಯಿಗೆ ಒತ್ತಿಕೊಂಡಳು. ಇರುವ ಒಬ್ಬ ಮಗಳೂ ಮಣ್ಣಿಗೆ ಬರದಿದ್ದರೆ ಹೇಗೆ? ಪಾಸ್ಟರರು ಪುಸ್ತಕ ಮುಚ್ಚಿದರು.

ಬಂಡೆಮ್ಮ ತನ್ನ ಮನೆಗೆ ಹೋಗಿ ಚಹಾ, ಬಿಸ್ಕತ್ತು ತಂದು ಭಾಗ್ಯಶ್ರೀಯ ಕೈಗಿಟ್ಟಳು. "ಮುಂಜಾನಿಂದ ಏನೂ ತಿಂದಿಲ್ಲ ನೀ. ಮೊದಲ ಇದನ್ನ ಕುಡಿ."

ಹೆಣದ ಮುಂದೆ, ಇಡೀ ಸಭೆಯ ಮುಂದೆ! ಸೋಮಣ್ಣನವರು ಚಡಪಡಿಸಿದರು. ಲೋಟ ಖಾಲಿಯಾಗುವ ತನಕ ಬಂಡೆಮ್ಮ ಬಾಯಿ ಬಿಡಲಿಲ್ಲ. ಆಮೇಲೆ ಎದ್ದು ನಿಂತಳು.

"ಚಂದ್ರಾಮ ಕುಡೀತಿದ್ದ. ಮಗಳ ಮಾನ ತೆಗದ. ನಾ ಉಣ್ಣಿಸಿ ಅವನ ಮುಖಕ್ಕ ಹೇಳೇನಿ. ಅತ್ತ. ಮರುದಿನ ಮತ್ತ ಕುಡದ. ಆದ್ರ ಒಂದು ಕೇಳವ್ವ. 'ನಿನ್ನ ಮಗಳಿಗೆ ಭಾಳ ಸೊಕ್ಕು' ಅಂತ ಯಾರರ ಅಂದ್ರ ಅವರ ಮ್ಯಾಲೆ ಜಗಳಕ್ಕ ಹೋಗತಿದ್ದ. 'ಆಕೀದೇನೂ ತಪ್ಪಿಲ್ಲ, ತಪ್ಪು ನಂದು' ಅಂತಿದ್ದ. ಕುಡದಾಗೂ ಅದನ್ನ ಅಂತಿದ್ದ, ಕುಡೀದಿದ್ದಾಗೂ ಅದನ್ನ."

ಸೋಮಣ್ಣನವರು ನೆಲ ನೋಡಿದರು. ಹಾಗೆ ಅಂದು ಚಂದ್ರಾಮನಿಂದ ಬೈಸಿಕೊಂಡವರಲ್ಲಿ ಅವರೂ ಒಬ್ಬರು.

ಭಾಗ್ಯಶ್ರೀ ಖಾಲಿ ಲೋಟ ಕೆಳಗಿಟ್ಟು ಬಂಡೆಮ್ಮನ ಕಡೆ ತಿರುಗಿದಳು. "ನನಗ ಯಾಕ ಹೇಳಲಿಲ್ಲ, ಆಯಿ?"

"ಅಂವಾ ಕುಡಿಯೋದು ಬಿಡ್ಲಿ, ಆಮ್ಯಾಲೆ ಹೇಳೋಣು ಅಂತ ಕುಂತೆ. ಹಂಗ ಕುಂದ್ರಬಾರದಿತ್ತು. ನಂದು ತಪ್ಪಾತು, ಮಗಳ."

ಬಂಡೆಮ್ಮ ತಪ್ಪಾಯಿತು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಯ್ಯೋ, ಆಗ ಆ ಮುದುಕಿಯ ಮೇಲೆ ನನಗೆ ಉಕ್ಕಿಬಂದ ಪ್ರೀತಿಯನ್ನು ಏನೆಂದು ಹೇಳಲಿ! ಭಾಗ್ಯಶ್ರೀ ಕಣ್ಣೊರೆಸಿಕೊಂಡು ಎದ್ದಳು, ತಾಯಿಯ ಕೈ ಹಿಡಿದುಕೊಂಡಳು.

ಸಮಾಧಿಯ ಹತ್ತಿರ ಗೀತೆ ಎತ್ತಿಕೊಟ್ಟು ನಾನು ದನಿ ತಗ್ಗಿಸಿದೆ. ಅದಕ್ಕೇ ನನಗೆ ಕೇಳಿಸಿತು. ಭಾಗ್ಯಶ್ರೀ ಬಗ್ಗಿ ಒಂದು ಹಿಡಿ ಮಣ್ಣು ಹಾಕಿ, ಮೆಲ್ಲಗೆ ಅಂದಳು: "ಹೋಗಿ ಬಾ, ಅಪ್ಪಾ."