ನೆಗೆಣ್ಣಿಯ ತಲೆಗೆ ಬೀಳದ ಎಣ್ಣೆ

ಬಟ್ಟಲು ಹಿತ್ತಾಳೆಯದ್ದೋ ಸ್ಟೀಲಿನದ್ದೋ, ನನ್ನ ನೆನಪನ್ನು ನಾನೇ ನಂಬಲಾರೆ. ಆದರೆ ಎಣ್ಣೆಯ ಆ ಬಟ್ಟಲು ನನ್ನ ನೆಗೆಣ್ಣಿಯ ತಲೆಯವರೆಗೆ ಹೋಗಿ ಅಲ್ಲೇ ನಿಂತದ್ದು ನಿಜ. ರಾಯಬಾಗದ ನಮ್ಮ ಮನೆಯಲ್ಲಿ ಅಂದು ಮೈದುನನ ಅರಿಷಿಣ. ಮದುಮಗನಿಗೆ ಹಚ್ಚಿದ ಮೇಲೆ ಸೊಸೆಯಂದಿರ ನೆತ್ತಿಗೂ ಅತ್ತೆ ಎಣ್ಣೆ ಒತ್ತುವುದು ನಮ್ಮ ಮನೆಯ ರೂಢಿ. ನೆಗೆಣ್ಣಿ, ಅಂದರೆ ನನ್ನ ಇನ್ನೊಬ್ಬ ಮೈದುನನ ಹೆಂಡತಿ, ಹಿಂದಿನ ದಿನವಷ್ಟೇ ಚಿಕ್ಕೋಡಿಯಲ್ಲಿ ಹೇರ್ ಸ್ಪಾ ಮಾಡಿಸಿಕೊಂಡು ಬಂದಿದ್ದಳು. ಅವಳ ಬಿಟ್ಟ ಕೂದಲು ಹೆಗಲ ಮೇಲೆ ಜಾರಾಡುತ್ತಿತ್ತು. ನನ್ನದು ಎಂದಿನ ತುರುಬು.

"ಇಕಿಗಿ ಬ್ಯಾಡ. ಪಾರ್ಲರ್‌ದಾಕಿ ಎರಡ ದಿನಾ ಎಣ್ಣಿ ಹಚ್ಚಬ್ಯಾಡ, ಸುಡು ನೀರ ಹಾಕ್ಕೋಬ್ಯಾಡ, ಜಡಿ ಬಿಗಿಬ್ಯಾಡ ಅಂದಾಳಂತ," ಎಂದರು ಅತ್ತೆ, ಬಾಯಿಪಾಠ ಒಪ್ಪಿಸಿದಂತೆ. ನನ್ನ ತಲೆನೋವಿನ ಗುಳಿಗೆ ಯಾವುದೆಂದು ಅವರಿಗೆ ಇಂದಿಗೂ ಗೊತ್ತಿಲ್ಲ. ನನಗೆ ಹೊಟ್ಟೆ ಉರಿಯಿತು. ಅತ್ತೆ ಅವಳ ಪಾಲಿನ ಎಣ್ಣೆಯನ್ನೂ ನನ್ನ ನೆತ್ತಿಗೇ ಸುರಿದು ತಿಕ್ಕತೊಡಗಿದರು. ಸುರಿದರೋ, ಬರೀ ಸವರಿದರೋ. ನನಗೆ ಸುರಿದಂತೆಯೇ ನೆನಪು.

ಹಣೆಗಿಳಿದ ಎಣ್ಣೆ ಒರೆಸಿಕೊಂಡು ತಿರುಗಿದೆ. ನೆಗೆಣ್ಣಿ ನನ್ನ ತಲೆಯಲ್ಲಿ ಆಡುತ್ತಿದ್ದ ಅತ್ತೆಯ ಬೆರಳುಗಳನ್ನೇ ನೋಡುತ್ತಿದ್ದಳು.

"ನಿಮ್ದ ಚಲೋ ಬಿಡ್ರಿ ಅಕ್ಕಾ," ಅಂದಳು. "ಅತ್ತಿ ಕೈ ಇವತ್ತ ನನ್ನ ತಲಿಗಿ ಹತ್ತಲೇ ಇಲ್ಲ."

ಈಗಲೂ ಅತ್ತೆ ಎಣ್ಣೆಯ ಬಟ್ಟಲು ಹಿಡಿದರೆ ನಾನು ಮೊದಲು ಅವಳ ಮುಖ ನೋಡುತ್ತೇನೆ. ಅಂದು ಅವಳು ನನ್ನನ್ನು ಕೆಣಕಿದಳೋ, ಅವಳಿಗೂ ನನ್ನಂತೆಯೇ ಹೊಟ್ಟೆ ಉರಿದಿತ್ತೋ, ನನಗೆ ಗೊತ್ತಿಲ್ಲ.