ಬೀಡಿನ ಹಂಚು ಮತ್ತು ವೈನಿಯ ಮ್ಯಾಟಿನಿ

ನಂಗ ಸಿಟ್ಟು ಮೂಗಿನ ತುದಿಮ್ಯಾಲೆ ಇರತೈತಿ. ಇದನ್ನ ಮೊದಲ ಹೇಳಿಬಿಡತೇನಿ. ಯಾಕಂದ್ರ ಈ ಕಥಿಯೊಳಗಿನ ಅರ್ಧ ತಪ್ಪು ಆ ಸಿಟ್ಟಿಂದ ಆದದ್ದು, ಉಳಿದರ್ಧ ನನ್ನ ಶ್ಯಾಣ್ಯಾತನದ್ದು.

ಮಚ್ಛೆಯೊಳಗ ನಂದೊಂದು ಸಣ್ಣ ಫೌಂಡ್ರಿ ಐತಿ. ಬೀಡು, ಅಂದ್ರ ಎರಕದ ಕಬ್ಬಿಣ, ಕರಗಿಸಿ ಉಸುಕಿನ ಅಚ್ಚಿನ್ಯಾಗ ಎರೆಯೋ ಕೆಲಸ. ಅಪ್ಪ ಕಟ್ಟಿದ್ದು. ಪಂಪಿನ ಭಾಗ ಎರಕೊಂತ ಭಾಳ ವರ್ಷ ಚಲೋ ನಡೀತು. ಆಮ್ಯಾಲೆ ಪಂಪಿನವರು ಬ್ಯಾರೆ ಕಡೆಯಿಂದ ಮಾಲು ತರಸಾಕ ಹತ್ತಿದ್ರು, ನಮ್ಮ ಭಟ್ಟಿ ವಾರಕ್ಕ ಒಂದ ದಿನ ಉರಿಯೂ ಹಂಗಾತು. ಒಬ್ಬ ವ್ಯಾಪಾರಿ ಬಂದು, ಶೆಡ್ಡು ಗೋದಾಮಿಗೆ ಕೊಟ್ಟುಬಿಡ್ರಿ ಅಂತ ಗಂಟುಬಿದ್ದ. ದೀಪಾವಳಿ ತನಕ ಟೈಮ್ ಕೊಡು ಅಂದೆ. ಖರೇ ಹೇಳಬೇಕಂದ್ರ ಕೊಟ್ಟಿದ್ರ ನನ್ನ ಮನಿಗೆ ಏನೂ ಕಡಿಮಿ ಆಗತಿರಲಿಲ್ಲ. ಆದರ ಖಾನಾಪುರದಿಂದ ದಿನಾ ಬಸ್ಸಿಗೆ ಬರೋ ಮೇಸ್ತ್ರಿ ಒಬ್ಬರದಾರ, ಅಪ್ಪನ ಕಾಲದಿಂದ ಅಚ್ಚು ಕಟ್ಟೋರು. ಹಸಿ ಉಸುಕು ಒಂದ ಸಲ ಮುಟಗಿಯೊಳಗ ಹಿಡಿದು ಬಿಟ್ರ ಸಾಕು, ನೀರು ಹೆಚ್ಚಾಗೈತೋ ಕಡಿಮಿ ಆಗೈತೋ ಹೇಳತಾರ. ಅಂಥಾ ಕೈಗೆ ಗೋದಾಮಿನ್ಯಾಗ ಏನು ಕೆಲಸ? ಬಾಗಿಲದಾಗ ಸ್ಟೂಲ್ ಹಾಕ್ಕೊಂಡು ಕುಂದರಬೇಕಷ್ಟ. ಅದನ್ನ ನೆನೆಸಿಕೊಂಡ್ರ ನಂಗ ತುತ್ತು ಇಳೀತಿರಲಿಲ್ಲ.

ಅದಕ್ಕ, ಇದ್ದ ಭಟ್ಟಿಯೊಳಗ ದ್ವಾಸಿ ಹಂಚು, ಪಡ್ಡಿನ ಹಂಚು ಎರೆಯೂಣು, ಮೊಬೈಲ್ ಮ್ಯಾಲೆ ಮಾರೂಣು ಅಂತ ಶುರು ಮಾಡಿದ್ವಿ. ವಿಡಿಯೋ ನಾನ ಮಾಡಿದೆ. ಇಸ್ತ್ರಿ ಅಂಗಿ ಹಾಕ್ಕೊಂಡು, ಹಿಂದ ಅಪ್ಪನ ಫೋಟೋಕ್ಕ ಹೊಸಾ ಮಾಲಿ ಹಾಕಿ, ಬೀಡಿನ ಗುಣ, ನಮ್ಮ ಮನೆತನದ ಗುಣ, ಎರಡೂ ಹನ್ನೊಂದು ನಿಮಿಷ ಹೇಳಿದೆ. ಬೀಗರು, ದೋಸ್ತರು, ಎಲ್ಲಾರಿಗೂ ಕಳಿಸಿದೆ. ನೋಡಿದವರು ಕೈಬೆರಳಿನ್ಯಾಗ ಎಣಿಸೂವಷ್ಟು ಮಂದಿ. ಸೋದರಮಾವ ಒಬ್ಬರು ಫೋನ್ ಮಾಡಿ, ಅಂಗಿ ಭಾಳ ಚಲೋ ಐತಿ, ಎಲ್ಲಿ ತೊಗೊಂಡಿ ಅಂತ ಕೇಳಿದ್ರು.

ಮನ್ಯಾಗ ಅದನ್ನ ಪೂರಾ ನೋಡಿದವರು ನಮ್ಮ ವೈನಿ ಒಬ್ಬರ. ವೈನಿ ಅಂದ್ರ ನಮ್ಮ ಕಡೆ ಅಣ್ಣನ ಹೆಂಡತಿ. ತವರುಮನಿ ಪಾರಿಶ್ವಾಡ. ನಾ ಸಾಲ್ಯಾಗ ಏಳನೇ ಇಯತ್ತೆ ಇದ್ದಾಗ ಈ ಮನಿಗೆ ಬಂದ್ರು, ಹಂಗಾಗಿ ನನ್ನ ಇವತ್ತಿಗೂ ಏಕವಚನದಾಗ ಮಾತಾಡಸತಾರ. ಅವರಿಗೆ ಸಿನಿಮಾ ಹುಚ್ಚು ಅಂತ ಓಣಿಗೆಲ್ಲಾ ಗೊತ್ತು. ತಿಂಗಳಿಗೊಂದು ಮ್ಯಾಟಿನಿ ತಪ್ಪತಿರಲಿಲ್ಲ. ಕಾಲೇಜಿನ್ಯಾಗ ಇದ್ದಾಗ ನಾನೂ ಅವರಿಗೆ ಮ್ಯಾಟಿನಿ ವೈನಿ ಅಂತ ಹೆಸರಿಟ್ಟು ನಕ್ಕಾವನ.

ಅವರು ಚಶ್ಮಾ ತಗದು ಕೇಳಿದ್ರು, "ಪಿಚ್ಚರ್ ಯಾರದು, ನಿಂದೋ ಹಂಚಿಂದೋ?"

ಹಂಚಿಂದ, ಅಂದೆ.

"ಮತ್ತ ಹೀರೋನ ಬಿಟ್ಟು ಪ್ರೊಡ್ಯೂಸರ್ ಯಾಕ ಕುಣಿಯಾಕತ್ತಾನ?"

ನಂಗ ಮೈಯೆಲ್ಲಾ ಉರೀತು. ಅಡಗಿ ಮನ್ಯಾಗ ಇದ್ದವರಿಗೆ ವ್ಯಾಪಾರ ಏನು ಗೊತ್ತು ಅಂತ ಬಾಯಿಗೆ ಬಂದಿತ್ತು, ಹೆಂಡತಿ ಕಣ್ಣು ಬಿಟ್ಟಳು, ನುಂಗಿಕೊಂಡೆ. ವೈನಿ ತಮ್ಮ ಪಾಡಿಗೆ ತಾವು ಹೇಳಕೋತ ಹ್ವಾದ್ರು. ಹೀರೋ ಬರೂಕಿಂತ ಮೊದಲ ಅವನ ಸಪ್ಪಳ ಬರತೈತಂತ, ಬೂಟಿಂದೋ ಗಾಡಿದೋ. ಮಂದಿ ಕುರ್ಚಿ ತುದಿಗೆ ಬರೂದು ಆಗಂತ. ಹಂಚಿನ ಸಪ್ಪಳ ಯಾವುದು? ಹಿಟ್ಟು ಬಿದ್ದಾಗಿನ ಚುರ್ ಅನ್ನೂದು. ಅಷ್ಟ ಮೊದಲ ಕೇಳಸು, ನಿನ್ನ ಮಾರಿ ಬ್ಯಾಡ ಅಂದ್ರು.

ಸಿಟ್ಟಿನ್ಯಾಗ, ಹೋಗ್ಲಿ ಇದನ್ನೂ ನೋಡೇಬಿಡೂಣು ಅಂತ ಮರುದಿನ ಅವರ ಒಲಿ ಮುಂದ ಮೊಬೈಲ್ ಹಿಡದೆ. ಚುರ್ ಅಂತ ಸಪ್ಪಳ, ಹೊಗಿ, ಗರಿಗರಿ ದ್ವಾಸಿ ಹಂಚಿನಿಂದ ತಾನ ಎದ್ದು ಬಂತು. ಅರ್ಧ ನಿಮಿಷದ್ದಷ್ಟ. ಅದು ಎಲ್ಲೆಲ್ಲಿಗೆ ಹೋತೋ ದೇವರಿಗೇ ಗೊತ್ತು. ಹುಬ್ಬಳ್ಳಿ, ಪುಣೆ, ಗೋವಾದಿಂದ ಆರ್ಡರ್ ಬಂದ್ವು. ಭಟ್ಟಿ ವಾರಕ್ಕ ನಾಕ ದಿನ ಉರೀತು. ಮೇಸ್ತ್ರಿ ಮಾರಿಮ್ಯಾಲೆ ಕಳಿ ಬಂತು. ನಾನೂ ನೆಲದಿಂದ ಒಂದು ಗೇಣು ಮ್ಯಾಲೆ ಓಡಾಡಿದೆ.

ಇಲ್ಲೇ ನನ್ನ ಶ್ಯಾಣ್ಯಾತನ ಬರತೈತಿ. ವಿಡಿಯೋದಾಗ ಇದ್ದ ಹಂಚು ನಾ ಮಾರೂ ಹೊಸಾ ಹಂಚಲ್ಲ. ವೈನಿ ಹೊಸದಾಗಿ ಬಂದಾಗ ಅಪ್ಪ ಎರಕೊಟ್ಟಿದ್ದ ಹಳೇ ಹಂಚು. ಮೂವತ್ತು ವರ್ಷದ ಮ್ಯಾಲೆ ಎಣ್ಣಿ ಕುಡದೈತಿ. ಅದರ ಮ್ಯಾಲೆ ಸಣ್ಣ ಕೂಸು ಹಿಟ್ಟು ಹಾಕಿದ್ರೂ ದ್ವಾಸಿ ಏಳತೈತಿ. ಹೊಸಾದು ಹಂಗಲ್ಲ, ಅದನ್ನ ಎಣ್ಣಿ ಸವರಿ ಕಾಯಿಸಿ ಪಳಗಿಸಬೇಕು. ನಂಗ ಇದು ಗೊತ್ತಿತ್ತು. ಚಂದ ಕಾಣತೈತಿ ಅಂತ ಹಳೇದನ್ನ ತೋರಿಸಿದೆ, ಪಳಗಿಸೂ ಸುದ್ದಿ ಹೇಳಲಿಲ್ಲ.

ವಿಡಿಯೋದ ಕೆಳಗ ಮಂದಿ ಬರಿಯಾಕ ಹತ್ತಿದ್ರು. ದ್ವಾಸಿ ಹತ್ತಕೋತೈತಿ, ಕಿತ್ತು ಬರತೈತಿ ಅಂತ. ಖಾನಾಪುರದಾಗ ಖಾನಾವಳಿ ನಡಸೂ ಅಕ್ಕಾರೊಬ್ಬರು ಮೂರು ಹಂಚು ತೊಗೊಂಡಿದ್ರು. ಮುಂಜಾನೆ ಗಿರಾಕಿ ಮುಂದ ಮಾನ ಹೋತು ಅಂತ ಎಲ್ಲಾರಿಗೂ ಕಾಣೂ ಹಂಗ ಬರೆದ್ರು. ಓದಿದವನ ನಾನೂ ಎಲ್ಲಾರಿಗೂ ಕಾಣೂ ಹಂಗ ಬರೆದೆ: ಹಂಚು ಚಲೋನ ಐತಿ, ನಿಮಗ ದ್ವಾಸಿ ಹಾಕಾಕ ಬರೂದಿಲ್ಲ.

ಆ ಒಂದು ಸಾಲು ಊರೂರು ತಿರಗಿತು. ಮೊದಲಿನ ವಿಡಿಯೋಕ್ಕಿಂತ ಜೋರು ಹೋತು. ಬಂದ ಆರ್ಡರ್ ವಾಪಸ್ ಆದ್ವು, ಹೊಸಾವು ನಿಂತ್ವು. ಮೇಸ್ತ್ರಿ ಕಟ್ಟಿದ ಅಚ್ಚು ಹಂಗ ಒಣಗಿ ಉದುರಾಕ ಹತ್ತಿದ್ವು. ದೀಪಾವಳಿಗೆ ಮೂರು ವಾರ ಉಳಿದಿತ್ತು. ಗೋದಾಮಿನಾಂವ ಫೋನ್ ಮಾಡಿ, ಏನ್ ವಿಚಾರ ಮಾಡಿದ್ರಿ ಅಂತ ನಗ್ಕೋತ ಕೇಳಿದ.

ವೈನಿ ಬಯ್ಯಲಿಲ್ಲ. ಬೈದಿದ್ರ ನಂಗ ಹಗುರ ಆಗತಿತ್ತು. ಪೋಸ್ಟರ್‌ದಾಗ ಒಬ್ಬ ಪಿಚ್ಚರ್‌ದಾಗ ಒಬ್ಬ ಅಂದ್ರ ಮಂದಿ ಕುರ್ಚಿ ಹರೀದ ಬಿಡತಾರೇನು ಅಂತ ಕೇಳಿ, ಸೀರಿ ಬದಲಿಸಿ ಬಂದ್ರು. ನಡಿ ಖಾನಾಪುರಕ್ಕ, ಅಂದ್ರು. ಹೋಗಿ ಏನ್ ಮಾಡೂದು ಅಂದೆ. ಅವರ ಕಾಲಿಗೆ ಬೀಳಾಕೇನು?

"ಮೊದಲ ಹೊಡತ ಹೀರೋನ ತಿನ್ನಬೇಕೋ. ಬರೇ ಹೊಡಿಯೋ ಹೀರೋನ್ನ ಯಾರೂ ನಂಬೂದಿಲ್ಲ. ಕಿತ್ತು ಬರೂ ದ್ವಾಸಿನೂ ತೋರಸು."

ನನ್ನ ಮಾಲು ಸೋತದ್ದನ್ನ ನಾನ ಡಂಗುರ ಸಾರಲೇನು ಅಂತ ಬಸ್ ಸ್ಟ್ಯಾಂಡ್ ತನಕ ಜಗಳಾಡಿದೆ. ವೈನಿ ಬಸ್ ಹತ್ತಿ ಬಾಜು ಸೀಟಿನ ಮ್ಯಾಲೆ ಕೈಚೀಲ ಇಟ್ಟು ನಂಗ ಜಾಗಾ ಹಿಡಿದ್ರು. ಇನ್ನೇನು ಮಾಡಲಿ, ಹತ್ತಿದೆ.

ಖಾನಾವಳಿ ಅಕ್ಕಾರು ನಮ್ಮನ್ನ ಕುಂದರ್ರಿ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ನಾ ತಲಿ ತಗ್ಗಿಸಿ, ನಂದ ತಪ್ಪರಿ, ತೋರಿಸಿದ್ದು ಹಳೇ ಹಂಚು, ನಿಮಗ ಕಳಿಸಿದ್ದು ಹೊಸಾದು, ಅಂದೆ. ಹೇಳಿದ ಮ್ಯಾಲೆ ಎಷ್ಟೋ ಸಮಾಧಾನ ಆತು. ಅಕ್ಕಾರು ಒಲಿ ಹಚ್ಚಿದ್ರು. ವೈನಿ ಹೊಸಾ ಹಂಚು ತೊಳದು, ಕಾಯಿಸಿ, ತೆಂಗಿನ ನಾರಿನಿಂದ ಎಣ್ಣಿ ಸವರಿ, ಆರಿಸಿ, ಮತ್ತ ಕಾಯಿಸಿದ್ರು. ಹಿಟ್ಟು ಹಾಕಿದ್ದು ಅಕ್ಕಾರು. ಮೊದಲನೇ ದ್ವಾಸಿ ಚಿಂದಿ ಆತು. ಎರಡನೇದು ಅರ್ಧ ಎದ್ದಿತು, ಅರ್ಧ ಹಂಚಿಗೇ ಉಳೀತು. ನಾ ಮೊಬೈಲ್ ಹಿಡಕೊಂಡು ಬೆವತಿದ್ದೆ. ಮೂರನೇದಕ್ಕ ಹಿಟ್ಟು ಬಿತ್ತು, ಅಂಚು ಕೆಂಪಾಗಿ ಏಳಾಕ ಹತ್ತಿತು. ಅಷ್ಟರಾಗ ವೈನಿ ಮೊಬೈಲಿಗೆ ಕೈ ಅಡ್ಡ ಹಿಡಿದು ಸಾಕು ಅಂದ್ರು. ನನ್ನ ಕಣ್ಣ ಮುಂದ ದ್ವಾಸಿ ಪೂರಾ ಎದ್ದು ಬಂತು, ಬಂಗಾರದ ಬಣ್ಣ. ವಿಡಿಯೋದಾಗ ಅದಿಲ್ಲ. ಮೂರನೇದು ಅವರವರ ಮನ್ಯಾಗ ಏಳಲಿ ಅಂದ್ರು ವೈನಿ.

ವಾಪಸ್ ಬರೂವಾಗ ಬಸ್ಸಿನ್ಯಾಗ ಅವರು ಡಬ್ಬಿ ಬಿಚ್ಚಿದ್ರು. ನಾವು ಜೈನರು, ಹೊತ್ತು ಮುಳುಗಿದ ಮ್ಯಾಲೆ ಉಣ್ಣೂದಿಲ್ಲ. ಚಪಾತಿ ನನ್ನ ಕೈಯಾಗಿಟ್ಟು, ಲಗೂನ ತಿನ್ನು ಅಂದ್ರು. ಕೊನಿ ಬಿಡಬೇಕು ಅನ್ನೂ ಶ್ಯಾಣ್ಯಾತನ ಯಾವ ಪಿಚ್ಚರ್‌ದಾಗ ಕಲತ್ರಿ ವೈನಿ, ಅಂತ ಚಾಷ್ಟಿ ಮಾಡಿದೆ.

"ಮದುವಿ ಆದಮ್ಯಾಲೆ ಥೇಟರ್‌ದಾಗ ನಾ ಯಾವ ಪಿಚ್ಚರಿನ ಕೊನಿನೂ ನೋಡಿಲ್ಲಪಾ. ನಾಕೂವರಿಗೆ ಏಳತಿದ್ದೆ. ಹೊತ್ತು ಮುಳುಗೂದ್ರಾಗ ನಿಮ್ಮೆಲ್ಲಾರದೂ ಊಟ ಆಗಬೇಕಿತ್ತಲ್ಲ."

ಉಳಿದ ಕಥಿ ರೊಟ್ಟಿ ಬಡಕೋತ ತಾವ ಮುಗಸತಿದ್ರಂತ. ಟಿವಿಯೊಳಗ ನೋಡಬಹುದಿತ್ತಲ್ಲ ಅಂದ್ರ, ಟಿವಿ ಮುಂದ ಕುಂತ್ರ ಯಾರರ ಚಹಾ ಕೇಳತಾರೋ ಅಂತ ನಕ್ಕರು. ಕಾಲೇಜಿನಿಂದ ಬಂದು, ಕೈಕಾಲು ತೊಳಕೊಂಡು, ಬಿಸಿ ರೊಟ್ಟಿಗೆ ತಡಾ ಆತು ಅಂತ ತಾಟು ಬಡದಾಂವ ನಾನ.

ಆ ವಿಡಿಯೋ ಹಾಕಿದ್ವಿ. ಕೆಳಗ ನನ್ನ ತಪ್ಪು ಒಪ್ಪಿಕೊಂಡು ಬರೆದೆ. ಮೊದಲ ಎರಡು ದಿನ ಬೈಗಳ. ಮೂರನೇ ದಿನದಿಂದ ಮಂದಿ ತಮ್ಮ ತಮ್ಮ ಮೂರನೇ ದ್ವಾಸಿ ಫೋಟೋ ಕಳಸಾಕ ಹತ್ತಿದ್ರು. ಗೋದಾಮಿನಾಂವಂಗ ದೀಪಾವಳಿ ಮುಂಚೆನ ಫೋನ್ ಮಾಡಿ ಶೆಡ್ಡು ಕೊಡೂದಿಲ್ಲ ಅಂದೆ. ಮೇಸ್ತ್ರಿಗೆ ಹೇಳಿದಾಗ ಅವರು ಹೋಗಿ ಉಸುಕಿಗೆ ನೀರು ಚಿಮುಕಿಸಿದ್ರು.

ಮರುದಿನ ವೈನಿ ಕೈಯಾಗ ಮ್ಯಾಟಿನಿ ಟಿಕೆಟ್ ಕೊಟ್ಟು, ಇವತ್ತ ಅಡಗಿ ನಂದು, ಕೊನಿತನಕ ಕುಂತು ಬರ್ರಿ ಅಂದೆ. ಹೊತ್ತು ಮುಳುಗಿದ್ರ ಉಪವಾಸ ಬೀಳತೈತಲ್ಲೋ ಅಂದ್ರು. ಒಂದು ಕ್ಷಣ ವಿಚಾರ ಮಾಡಿ, ಬಿದ್ರ ಬೀಳಲಿ ಅಂತ ಚಪ್ಪಲಿ ಮೆಟ್ಟಿದ್ರು. ನಾ ದ್ವಾಸಿ ಮಾಡಿದೆ. ಅಣ್ಣಾ, ಹೆಂಡತಿ ಹೊತ್ತಿಗೆ ಸರಿಯಾಗಿ ಉಂಡ್ರು. ನಾ ಉಣ್ಣಲಿಲ್ಲ.

ದೀಪ ಹಚ್ಚಿದ ಮ್ಯಾಲೆ ಬಂದ್ರು. ಹೆಂಗಿತ್ರಿ ಕೊನಿ ಅಂತ ಕೇಳಿದೆ. ಏನಷ್ಟು ಚಲೋ ಇರಲಿಲ್ಲ, ನಾ ಇದ್ರ ಬ್ಯಾರೆ ಮಾಡತಿದ್ದೆ, ಅಂದ್ರು. ಆಮ್ಯಾಲೆ ಮುಚ್ಚಿಟ್ಟ ನನ್ನ ತಾಟು ಅವರ ಕಣ್ಣಿಗೆ ಬಿತ್ತು. ನಾ ಎಂದೂ ಯಾರಿಗೂ ಉಪಕಾರ ಆತು ಅಂದಾವನಲ್ಲ, ನಮ್ಮ ಮನ್ಯಾಗ ಆ ರೂಢಿನ ಇಲ್ಲ. ಅವತ್ತ ಹೇಳಿದೆ.

"ವೈನಿ, ಇಷ್ಟು ವರ್ಷ ನಾ ಉಂಡದ್ದು ನಿಮ್ಮ ಪಿಚ್ಚರಿನ ಕೊನಿರಿ. ನಿಮ್ಮ ಉಪಕಾರ ನಾ ಮರಿಯೂದಿಲ್ಲ."

ಅವರು ಸೆರಗಿಲೆ ಕಣ್ಣು ಒರಸಿಕೊಂಡು, "ನೀ ಹಸಗೊಂಡು ಬರತಿದ್ದಿಯಲ್ಲೋ, ಉಣ್ಣಾಕ ಹಾಕದಂಗ ಪಿಚ್ಚರ್ ನೋಡಕೋತ ಕುಂದರಾಕ ಆಗತಿತ್ತೇನು," ಅಂದ್ರು.

ಆಮ್ಯಾಲೆ ನಾವಿಬ್ಬರೂ ಹಸಗೊಂಡ ಕುಂತು, ಆ ಪಿಚ್ಚರಿನ ಕೊನಿ ಹೆಂಗ ಇರಬೇಕಿತ್ತು ಅಂತ ಅವರು ಹೇಳೂದನ್ನ ನಾ ಪೂರಾ ಕೇಳಿದೆ.